ತನಿ ಹೊತ್ತಿನ ಕುರ್ಚಿ ಸದ್ದು

ತನಿ ಆವರ್ತನ ಶುರುವಾದ ಕೂಡಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋಗುವವರಿಗೆ ಒಂದು ಮಾತು ಹೇಳುವುದಿದೆ. ನಿಮ್ಮ ಕುರ್ಚಿಯ ಸದ್ದು ನನ್ನ ಹತ್ತಿರ ಇದೆ. ಕೋಲಾರದ್ದು ಇದೆ, ಮುಳಬಾಗಿಲಿನದು ಇದೆ, ಶ್ರೀನಿವಾಸಪುರದ್ದೂ ಇದೆ. ಪ್ಲಾಸ್ಟಿಕ್ ಕುರ್ಚಿ ಸಿಮೆಂಟು ನೆಲದ ಮೇಲೆ ಕರ್ರ್ ಎಂದು ಉಜ್ಜುವುದು, ಕಬ್ಬಿಣದ ಕುರ್ಚಿ ಚಟಾರ್ ಎಂದು ಮಡಚಿಕೊಳ್ಳುವುದು, ಆಮೇಲೆ ನೀವು ಪಕ್ಕದವರ ತೊಡೆ ತಟ್ಟಿ "ಬತ್ತೀಯೇನೋ, ಕಾಫಿ ಕುಡ್ಕೊಂಡ್ ಬರೋಣ" ಅನ್ನುವುದು, ಎಲ್ಲವೂ ಇದೆ. ಬೇಕಾದರೆ ಬನ್ನಿ, ಮಾಲೂರಿನ ನಮ್ಮ ಮನೆ ಜಗಲಿಯ ಮೇಲೆ ಕೂರಿಸಿ ಕೇಳಿಸುತ್ತೇನೆ. ಕಾಫಿಯನ್ನೂ ಕೊಡುತ್ತೇನೆ, ಹೇಗೂ ನಿಮಗೆ ಅದೇ ಮುಖ್ಯ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಚೇರಿಯಲ್ಲಿ ಹಾಡುವವರು ಒಂದೂವರೆ ಎರಡು ಗಂಟೆ ಹಾಡಿ, ದೊಡ್ಡ ಕೃತಿಯೊಂದರ ಕೊನೆಗೆ ಬಂದಾಗ ಕೈ ಮುಂದೆ ಚಾಚಿ ಮೃದಂಗದವರಿಗೂ ಘಟದವರಿಗೂ "ಇನ್ನು ನೀವು" ಅನ್ನುತ್ತಾರೆ. ಹಾಡೂ ನಿಲ್ಲುತ್ತದೆ, ಪಿಟೀಲೂ ನಿಲ್ಲುತ್ತದೆ. ಆಮೇಲಿನ ಹತ್ತು ಹದಿನೈದು ನಿಮಿಷ ಪೂರ್ತಿ ತಾಳವಾದ್ಯದವರದ್ದು. ಅದೇ ತನಿ. ಇಡೀ ಸಂಜೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟು ಕೂತವರಿಗೆ ಸಿಗುವ ಅಷ್ಟೇ ಅಷ್ಟು ಹೊತ್ತು. ಹಾಡು ನಿಂತರೆ ಕಚೇರಿಯೇ ನಿಂತ ಹಾಗೆ ಅಂತ ನಮ್ಮ ಜನಕ್ಕೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ! ತಡೆದುಕೊಂಡ ಒಂದಕ್ಕೆ, ಮಾಡಬೇಕಾದ ಫೋನು, ಹೊರಗೆ ಬಿಟ್ಟ ಚಪ್ಪಲಿ ಇದೆಯೋ ಇಲ್ಲವೋ ಎಂಬ ಚಿಂತೆ, ಎಲ್ಲವೂ ಆ ಹದಿನೈದು ನಿಮಿಷಕ್ಕೇ ಕಾದುಕೊಂಡಿರುತ್ತವೆ.

ನಿನಗ್ಯಾಕಮ್ಮ ಇಷ್ಟು ಉರಿ ಅಂತ ಕೇಳುತ್ತೀರಿ. ನನ್ನ ಅಣ್ಣ ಘಟ ನುಡಿಸುತ್ತಾನೆ. ನುಡಿಸುತ್ತಿದ್ದ ಅನ್ನಬೇಕು ಈಗ.

ಪಿಟೀಲು, ಮೃದಂಗಕ್ಕೆ ಪಕ್ಕವಾದ್ಯ ಅನ್ನುತ್ತಾರಲ್ಲ, ಘಟಕ್ಕೆ ಏನನ್ನುತ್ತಾರೆ ಗೊತ್ತೇ? ಉಪಪಕ್ಕವಾದ್ಯ. ಪಕ್ಕದಲ್ಲಿರುವವರ ಪಕ್ಕ. ವೇದಿಕೆಯ ಮೇಲೆ ಅಣ್ಣನಿಗೆ ಸಿಗುತ್ತಿದ್ದ ಜಾಗವೂ ಹಾಗೇ, ಬಾಳೆಕಂಬದ ಹಿಂದೆ. ಆಹ್ವಾನ ಪತ್ರಿಕೆಯಲ್ಲಿ ಹಾಡುವವರ ಹೆಸರು ದಪ್ಪಕ್ಷರದಲ್ಲಿ, ಪಿಟೀಲಿನವರದ್ದು ಸಣ್ಣಕ್ಷರದಲ್ಲಿ, ಮೃದಂಗದವರದ್ದು ಇನ್ನೂ ಸಣ್ಣಕ್ಷರದಲ್ಲಿ, ಅದರ ಕೆಳಗೆ "ಮತ್ತು ಸಂಗಡಿಗರು". ಆ ಸಂಗಡಿಗರು ಅಂದರೆ ನಮ್ಮಣ್ಣ. ಒಬ್ಬನೇ ಮನುಷ್ಯನಿಗೆ ಬಹುವಚನ ಹಾಕಿ ಮರ್ಯಾದೆ ಕೊಟ್ಟಿದ್ದಾರೆ ನೋಡು ಅಂತ ಅವನು ನಗುತ್ತಿದ್ದ. ನಾನು ಮಾತ್ರ ಪೆನ್ನು ತಗೊಂಡು, ಮನೆಗೆ ಬಂದ ಪ್ರತಿ ಪತ್ರಿಕೆಯಲ್ಲೂ "ಘಟ: ವೆಂಕಟೇಶ್" ಅಂತ ಬರೆದಿಡುತ್ತಿದ್ದೆ. ನಮ್ಮ ಮನೆಯವರೇ ಓದುವ ಪತ್ರಿಕೆಗೆ ತಿದ್ದುಪಡಿ ಮಾಡಿ ಯಾರನ್ನು ಉದ್ಧಾರ ಮಾಡಿದೆನೋ ಗೊತ್ತಿಲ್ಲ.

ಅಣ್ಣನಿಗೆ ಈ ಹುಚ್ಚು ಅಂಟಿದ್ದು ಇಟ್ಟಿಗೆ ಗೂಡಿನಲ್ಲಿ. ನಮ್ಮಪ್ಪ ಮಾಲೂರಿನ ಹೊರಗೆ ಒಂದು ಗೂಡಿನಲ್ಲಿ ಮೇಸ್ತ್ರಿಯಾಗಿದ್ದರು. ಗೂಡು ಬಿಚ್ಚುವ ದಿನ ಅಪ್ಪ ಒಂದೊಂದೇ ಇಟ್ಟಿಗೆ ಎತ್ತಿ ಬೆರಳ ಗೆಣ್ಣಿನಿಂದ ಒಂದು ಏಟು ಹಾಕುವರು. ಟಣ್ ಅಂದರೆ ಬೆಂದಿದೆ. ದಪ್ ಅಂದರೆ ಬೆಂದಿಲ್ಲ, ಆಚೆಗೆ. ನಾನೂ ಅಣ್ಣನೂ ಪಕ್ಕದಲ್ಲಿ ಕೂತು "ಬೆಂದಿದೆ, ಬೆಂದಿಲ್ಲ" ಅಂತ ಅವರಿಗಿಂತ ಮೊದಲೇ ಕೂಗುವ ಆಟ. ಒಂದು ಸಲ ಅಣ್ಣ ಒಂದೇ ಇಟ್ಟಿಗೆಯನ್ನು ಟಕಟಕ ಅಂತ ಐದಾರು ಸಲ ಬಡಿದ. ಅಪ್ಪ ಅದನ್ನು ಕಿತ್ತುಕೊಂಡು, "ಒಂದೇ ಏಟು ಕಣ್ಲಾ. ಒಂದೇಟಲ್ಲಿ ಗೊತ್ತಾಗ್ದಿದ್ರೆ ನಿನ್ ಕಿವಿ ಕೆಟ್ಟದೆ ಅಂತ" ಅಂದಿದ್ದರು. ಅಲ್ಲಿಂದ ಅಣ್ಣ ಮನೆಯ ಪಾತ್ರೆಗಳಿಗೆ ಬಂದ. ಬಿಂದಿಗೆ, ಕೊಳಗ, ಅಮ್ಮನ ನೀರಿನ ಮಡಕೆ. ಮಡಕೆಗಳು ಎಷ್ಟು ಒಡೆದವೆಂದರೆ, ಕೊನೆಗೆ ಅಮ್ಮನೇ ಬೇಸತ್ತು "ಇವನನ್ನ ಎಲ್ಲಾದ್ರೂ ಸೇರಿಸ್ರೀ" ಅಂದರು. ಕೋಲಾರದಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದರು, ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಕಲಿತ. ದೊಡ್ಡವನಾಗಿ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ರಿಟೈರಾಗುವವರೆಗೂ ಹಗಲು ಹೆಂಚು, ಸಂಜೆ ಘಟ.

ಎರಡು ವರ್ಷದ ಹಿಂದೆ ಅವನ ಬಲಗೈ ಬೆರಳು ಜೋಮು ಹಿಡಿಯತೊಡಗಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಿಸಿ, ಆದರೆ ಇನ್ನು ಮಡಕೆ ಬಡಿಯುವುದು ಬಿಡಬೇಕು ಅಂದರು ಡಾಕ್ಟರು. ಮಡಕೆ ಬಡಿಯುವುದಂತೆ! ಡಾಕ್ಟರ ಮೇಲೂ ನನಗೆ ಸಿಟ್ಟಿದೆ, ಅದು ಬೇರೆ ವಿಷಯ. ಅಣ್ಣ ಆಪರೇಷನ್ನನ್ನು ಮುಂದೂಡಿದ. ಒಂದು ದಿನ ಜಗಲಿಯ ಮೇಲೆ ಕೂತು, ಬಿಸಿನೀರಲ್ಲಿ ಕೈ ಅದ್ದಿಕೊಂಡು ನನ್ನ ಹತ್ತಿರ ಹೇಳಿದ: "ಪದ್ಮಾ, ನಲವತ್ತು ವರ್ಸ ನುಡಿಸ್ದೆ. ಒಂದಿನಾನೂ ನಾನು ನುಡಿಸಿದ್ದು ನನ್ ಕಿವಿಗೆ ಬಿದ್ದಿಲ್ಲ ಕಣೇ. ಸ್ಟೇಜ್ ಮೇಲೆ ಕೂತೋನಿಗೆ ಏನೂ ಕೇಳ್ಸಲ್ಲ. ನಾನು ನುಡಿಸ್ದೆನೋ, ಬರೀ ಮಡಕೆ ಕುಟ್ಟಿದ್ನೋ, ಅದೊಂದು ಗೊತ್ತಾಗ್ಬೇಕು. ಒಂದು ತನಿ, ಒಂದೇ ಒಂದು, ಗಲಾಟೆ ಇಲ್ದೆ ಕೇಳ್ಬೇಕು."

ಕೇಳಿದ್ದು ಇಷ್ಟೇ. ನಲವತ್ತು ವರ್ಷದಲ್ಲಿ ನನ್ನ ಹತ್ತಿರ ಅವನು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಆ ವಾರವೇ ನಾನು ರೆಕಾರ್ಡರ್ ತಂದೆ.

"ಫೋನಲ್ಲೇ ಆಗುತ್ತಲ್ಲ ಮೇಡಂ, ಇದ್ಯಾಕೆ?" ಅಂತ ಕೇಳದವರಿಲ್ಲ. ಆಗುತ್ತೆ ಸ್ವಾಮಿ. ಹಾಡು ಕೇಳುತ್ತೆ, ಮಾತು ಕೇಳುತ್ತೆ. ಘಟದ ಕತ್ತಿನ ಮೇಲೆ ಬೆರಳ ತುದಿ ಬಿದ್ದಾಗ ಬರುವ ಸದ್ದಿಗೂ ಹೊಟ್ಟೆಯ ಮೇಲೆ ಅಂಗೈ ಬಿದ್ದಾಗ ಬರುವ ಸದ್ದಿಗೂ ಇರುವ ವ್ಯತ್ಯಾಸ ಫೋನಿಗೆ ಗೊತ್ತಾಗುವುದಿಲ್ಲ. ನನ್ನ ರೆಕಾರ್ಡರಿಗೆ ಗೊತ್ತಾಗುತ್ತೆ. ಅಂಗೈಯಷ್ಟುದ್ದದ ಕಪ್ಪು ಡಬ್ಬಿ, ನೆತ್ತಿಯ ಮೇಲೆ ಎರಡು ಪುಟ್ಟ ಮೈಕು, ಗಾಳಿಯ ಸದ್ದು ತಾಗದಿರಲಿ ಅಂತ ಮೈಕಿಗೆ ಬೂದುಬಣ್ಣದ ತುಪ್ಪಳದ ಟೋಪಿ. ಟೋಪಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡರೆ "ಬೆಕ್ಕಿನ ಮರೀನಾ ಅಮ್ಮ, ಹೊರಗೆ ಬಿಟ್ ಬನ್ನಿ" ಅನ್ನುತ್ತಿದ್ದರು ಕಾರ್ಯಕರ್ತರು.

ಮೊದಲ ಕಚೇರಿ ಕುರುಡುಮಲೆಯಲ್ಲಿ. ಗಣಪತಿಗೆ ಕೈಮುಗಿದು, ವಿಘ್ನ ಬರದಿರಲಿ ಅಂತ ಬೇಡಿಕೊಂಡು, ಕೆಂಪು ಗುಂಡಿ ಒತ್ತಿದೆ. ಕೆಂಪು ದೀಪ ಮಿನುಗತೊಡಗಿತು. ಎರಡೂವರೆ ಗಂಟೆ ಆ ದೀಪ ಮಿನುಗುವುದನ್ನೇ ನೋಡುತ್ತ ಉಸಿರು ಬಿಗಿಹಿಡಿದು ಕೂತಿದ್ದೆ. ಮನೆಗೆ ಬಂದು ನೋಡಿದರೆ ಏನೂ ಇಲ್ಲ. ಗುಂಡಿಯನ್ನು ಒಂದು ಸಲ ಒತ್ತಿದರೆ ಅದು ಬರೀ ಸಿದ್ಧವಾಗುವುದಂತೆ, ದೀಪ ಮಿನುಗುವುದು ಅದಕ್ಕಂತೆ. ಇನ್ನೊಂದು ಸಲ ಒತ್ತಿ, ದೀಪ ಮಿನುಗದೆ ನಿಂತರೆ ಆಗ ರೆಕಾರ್ಡ್ ಆಗುವುದಂತೆ. ಎರಡೂವರೆ ಗಂಟೆ ಅದು "ಶುರು ಮಾಡ್ಲಾ? ಶುರು ಮಾಡ್ಲಾ?" ಅಂತ ನನ್ನನ್ನು ಕೇಳುತ್ತಿತ್ತು, ನಾನು ಭಕ್ತಿಯಿಂದ ಅದರ ಮುಖ ನೋಡುತ್ತಿದ್ದೆ. ವಿಘ್ನೇಶ್ವರ ಹೊರಗಿನ ವಿಘ್ನ ತಡೆಯಬಹುದು, ನನ್ನ ತಲೆಗೆ ಅವನೇನು ಮಾಡಿಯಾನು.

ಎರಡನೆಯ ಕಚೇರಿಯಲ್ಲಿ ಎರಡು ಸಲ ಒತ್ತಿದೆ. ಘಟದ ಜೊತೆಗೆ ನನ್ನ ಗಾಜಿನ ಬಳೆಯೂ ಬಿತ್ತು. ನಾನು ತಾಳ ಹಾಕಿದಾಗೆಲ್ಲ ಗಿಲ್, ಗಿಲ್. ಮೂರನೆಯದಕ್ಕೆ ಬಳೆ ಬಿಚ್ಚಿಟ್ಟು, ಸರಬರ ಅನ್ನುವ ರೇಷ್ಮೆ ಸೀರೆ ಬಿಟ್ಟು ಬಿಳೀ ಕಾಟನ್ ಸೀರೆ ಉಟ್ಟು ಹೋದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ನನ್ನ ಬರಿಗೈಯನ್ನು ನೋಡಿ ನೋಡಿ, ಕೊನೆಗೆ ತಮ್ಮ ಕೈಯಲ್ಲಿ ಹಿಡಿದು, "ಯಾವಾಗ್ ಹೋದ್ರಮ್ಮ?" ಅಂದರು. ನಾನು ಎಲ್ಲಿಗೆ ಅಂದೆ. ಅಜ್ಜಿ ಕಣ್ಣೊರೆಸಿಕೊಂಡರು. ನಮ್ಮ ಯಜಮಾನರು ಆ ಹೊತ್ತಿನಲ್ಲಿ ಮನೆಯಲ್ಲಿ ಕಡಲೆಕಾಯಿ ತಿನ್ನುತ್ತ ಕ್ರಿಕೆಟ್ ನೋಡುತ್ತಿದ್ದರು. ಅಜ್ಜಿಯ ಮಾತೂ ರೆಕಾರ್ಡಿನಲ್ಲಿದೆ, ನಡುವೆ ನಾನು ದೊಡ್ಡ ದನಿಯಲ್ಲಿ "ಅಯ್ಯೋ ಇದಾರೆ ಅಜ್ಜಿ, ಚೆನ್ನಾಗಿದಾರೆ!" ಅನ್ನುವುದೂ ಇದೆ.

ನನ್ನ ತಪ್ಪುಗಳನ್ನು ಒಪ್ಪಿಕೊಂಡೆನಲ್ಲ, ಇನ್ನು ನಿಮ್ಮವಕ್ಕೆ ಬರೋಣ.

ಮುಳಬಾಗಿಲು. ಕಲ್ಯಾಣ ಮಂಟಪದಲ್ಲಿ ಕಚೇರಿ, ಹಿಂದುಗಡೆಯೇ ಅಡುಗೆಮನೆ. ಅಂದು ಅಣ್ಣನ ಕೈ ತುಂಬ ಚೆನ್ನಾಗಿತ್ತು. ಮೃದಂಗದವರು ಮುಗಿಸಿ ಅಣ್ಣನ ಕಡೆ ನೋಡಿದರು, ಅಣ್ಣ ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಶುರುಮಾಡಿದ, ಅಷ್ಟರಲ್ಲಿ ಒಳಗೆ ಕಾದ ಕಾವಲಿಯ ಮೇಲೆ ಹಿಟ್ಟು ಬಿದ್ದು ಚೊಂಯ್ ಅಂತು. ಮುಳಬಾಗಿಲಿನ ದೋಸೆಯ ವಿಷಯ ನಿಮಗೆ ಹೇಳಬೇಕಿಲ್ಲ. ತುಪ್ಪದ ವಾಸನೆ ಬಂದದ್ದೇ ಮೂರು ಸಾಲು ಒಟ್ಟಿಗೆ ಎದ್ದಿತು. ನಾನು ಬಾಗಿಲ ಹತ್ತಿರ ಹೆಂಗಸೊಬ್ಬರನ್ನು ಸೆರಗು ಹಿಡಿದು ನಿಲ್ಲಿಸಿ, "ಹತ್ತು ನಿಮಿಷ ಕೂರಕ್ಕಾಗಲ್ವೇನ್ರೀ? ಅಲ್ಲಿ ಒಬ್ರು ನುಡಿಸ್ತಾ ಇಲ್ವಾ?" ಅಂದೆ. ಆ ಹೆಂಗಸು ವೇದಿಕೆಯ ಕಡೆ ನೋಡಿ, "ಹಾಡು ಮುಗೀತಲ್ಲಮ್ಮ, ಈಗ ಬರೀ ಸೌಂಡು ಕದಾ" ಅಂದರು. ಬರೀ ಸೌಂಡು! ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೂ ಗೊತ್ತು, ಆದರೂ ಆ ರಾತ್ರಿ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಎರಡು ತಿಂದೆ ಅಷ್ಟೇ.

ಕೋಲಾರದ್ದು ಇದಕ್ಕಿಂತ ದೊಡ್ಡದು. ರಾಮನವಮಿ ಚಪ್ಪರ. ತನಿ ಅರ್ಧಕ್ಕೆ ಬಂದಿದೆ, ಮೃದಂಗವೂ ಘಟವೂ ಒಂದರ ಮಾತು ಒಂದು ಕಿತ್ತುಕೊಂಡು ಹೋಗುತ್ತಿವೆ. ಆಗ ಯಾರೋ ಗಣ್ಯರು ಬಂದರು. ಅವರಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಗುತ್ತಂತೆ, ಅದಕ್ಕೆ ಈಗಲೇ ಸನ್ಮಾನ. ನಿರೂಪಕ ಮೈಕು ಹಿಡಿದು "ತಾಳವಾದ್ಯಗಳ ಈ ಮಂಗಳಕರ ಹಿನ್ನೆಲೆಯಲ್ಲಿಯೇ" ಎಂದು ಶುರುಮಾಡಿದ. ನನ್ನಣ್ಣನ ತನಿ ಒಬ್ಬರ ಪೇಟಕ್ಕೂ ಶಾಲಿಗೂ ಹಿನ್ನೆಲೆ! ಮೈಕಿನವನು ಮೊದಲೇ "ಮಡಕೆಗ್ಯಾಕೆ ಸಾರ್ ಬೇರೆ ಮೈಕು" ಅಂತ ಅಣ್ಣನ ಮುಂದಿನ ಮೈಕನ್ನು ಕಿತ್ತು ಆ ನಿರೂಪಕನಿಗೆ ಕೊಟ್ಟಿದ್ದ. ನಾನು ಎದ್ದು ನಿಂತು "ರೀ ಸ್ವಾಮಿ!" ಅಂದೆ. ಜನ ನನ್ನನ್ನು ನೋಡಿದರು. ಮುಂದೇನು ಹೇಳಬೇಕೋ ಹೊಳೆಯಲಿಲ್ಲ, ಕೂತೆ. ವೇದಿಕೆಯ ಮೇಲೆ ಅಣ್ಣ ತಲೆ ತಗ್ಗಿಸಿ ನುಡಿಸುತ್ತಲೇ ಇದ್ದ. ಅವನು ತಲೆ ತಗ್ಗಿಸಿದ್ದು ಲಯದ ಮೇಲಿನ ಗಮನಕ್ಕೆ ಅಂತ ಅಂದುಕೊಂಡಿದ್ದೆ. ಆಮೇಲೆ ಬಸ್ಸಿನಲ್ಲಿ "ಕೈ ಜೋಮು ಹಿಡ್ದಿತ್ತು ಕಣೇ, ಒಳ್ಳೇದೇ ಆಯ್ತು ಯಾರೂ ಕೇಳ್ಲಿಲ್ಲ" ಅಂದ.

ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ನನ್ನ ಹಿಂದೆ ಕೂತವರೊಬ್ಬರು ಬುಟ್ಟಿಯಿಂದ ರಸಪೂರಿ ತೆಗೆದು, ಮೃದುಮಾಡಿ, ತೊಟ್ಟು ಕಚ್ಚಿ ಹೀರಿದರು. ಒಂದಾದ ಮೇಲೆ ಒಂದು, ತನಿ ಮುಗಿಯುವ ತನಕ. ನ್ಯಾಯವಾಗಿ ಹೇಳಬೇಕಾದರೆ ಅವರು ಎದ್ದು ಹೋಗಲಿಲ್ಲ. ನನಗೂ ಒಂದು ಹಣ್ಣು ಕೊಟ್ಟರು. ಆ ಫೈಲನ್ನು ರೈಲಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದಾಗೆಲ್ಲ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಸಿಟ್ಟೂ ಬರುತ್ತದೆ.

ಹೀಗೆ ಎರಡು ವರ್ಷದಲ್ಲಿ ಹತ್ತೊಂಬತ್ತು ಕಚೇರಿ ಆಯಿತು. ಅಣ್ಣನಿಗೆ ಕೇಳಿಸಬಹುದಾದ ತನಿ ಒಂದೂ ಇರಲಿಲ್ಲ. ಪ್ರತಿ ಸಲ ಅವನು "ಸಿಕ್ತಾ?" ಅನ್ನುವುದು, ನಾನು "ಮುಂದಿನ್ ಸಲ" ಅನ್ನುವುದು. ಇದರ ನಡುವೆ ಅವನ ಬೆರಳು ಇನ್ನಷ್ಟು ಕೆಟ್ಟಿತು, ಲೋಟ ಜಾರತೊಡಗಿತು. ಅತ್ತಿಗೆ ಹಟ ಹಿಡಿದು ಆಪರೇಷನ್ನಿಗೆ ದಿನ ಗೊತ್ತುಮಾಡಿಸಿದರು. ಅದಕ್ಕೆ ಮೊದಲು ಉಳಿದಿದ್ದು ಒಂದೇ ಕಚೇರಿ, ಶಿವಾರಪಟ್ಟಣದಲ್ಲಿ.

ಅತ್ತಿಗೆಯ ವಿಷಯ ಒಂದಿಷ್ಟು ಹೇಳಬೇಕು. ಅವರ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಕೂಗಳತೆ. ಮನೆಮಾತು ತೆಲುಗು. ನಮ್ಮ ಕಡೆ ಯಾರಿಗೆ ತೆಲುಗು ಬರಲ್ಲ ಹೇಳಿ, ನಮಗೂ ಬರುತ್ತದೆ, ಅವರಿಗೂ ಕನ್ನಡ ಬರುತ್ತದೆ. ಆದರೂ ಮದುವೆಯಾಗಿ ಬಂದ ಮೊದಲ ವಾರದಲ್ಲಿ ಒಂದು ಭಾನಗಡಿ ಆಯಿತು. ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ಇಳಿಸಲೋ ಬೇಡವೋ ಅಂತ ಹೊಸ ಸೊಸೆ ಅಡುಗೆಮನೆಯಿಂದ ಕೇಳಿದರು. ದೇವರ ಕೋಣೆಯಲ್ಲಿದ್ದ ಅಮ್ಮ ಮಣಿ ಬಾರಿಸುತ್ತಲೇ "ಆಗಲೀ, ಆಗಲೀ" ಅಂತ ರಾಗ ಎಳೆದರು. ಅಂದರೆ ಇನ್ನೂ ಬೇಯಲಿ ಅಂತ. ಅತ್ತಿಗೆಗೆ ಕೇಳಿಸಿದ್ದು ಆಗಾಲಿ. ತೆಲುಗಿನಲ್ಲಿ ಆಗಾಲಿ ಅಂದರೆ ನಿಲ್ಲಬೇಕು. ಪಟ್ಟನೆ ಒಲೆ ಆರಿಸಿದರು. ಅಂದು ನಾವೆಲ್ಲ ತಿಂದದ್ದು ನೆನೆಸಿದ ಅಕ್ಕಿ. ನಮ್ಮ ಭಾಷೆಯಲ್ಲಿ ಆಗು ಅಂದರೆ ಆಗು, ಅವರ ಭಾಷೆಯಲ್ಲಿ ಆಗು ಅಂದರೆ ನಿಲ್ಲು, ಇಂಥ ಎರಡು ಭಾಷೆಯನ್ನು ಒಂದೇ ಅಡುಗೆಮನೆಗೆ ಬಿಟ್ಟರೆ ಇನ್ನೇನಾಗುತ್ತೆ ಅಂದ ಅಪ್ಪ, ಗಟ್ಟಿ ಅನ್ನವನ್ನು ಗೆಣ್ಣಿನಿಂದ ತಟ್ಟಿ "ಬೆಂದಿಲ್ಲ" ಅಂದರು. ಮೂವತ್ತು ವರ್ಷ ನಾವು ಅದನ್ನು ಹೇಳಿಕೊಂಡು ನಕ್ಕಿದ್ದೇವೆ. ನಕ್ಕಿದ್ದೇ ನಕ್ಕಿದ್ದು, ಬುದ್ಧಿ ಮಾತ್ರ ಕಲಿಯಲಿಲ್ಲ.

ಶಿವಾರಪಟ್ಟಣ ಗೊತ್ತಲ್ಲ, ಕಲ್ಲಿನಲ್ಲಿ ವಿಗ್ರಹ ಮಾಡುವವರ ಊರು. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯಿಂದ ಉಳಿ ಸುತ್ತಿಗೆಯ ಸದ್ದು. ಅರ್ಧ ಮುಗಿದ ಆಂಜನೇಯರು, ಮೂಗು ಇನ್ನೂ ಬರದ ಅಮ್ಮನವರು ಮನೆ ಮುಂದೆ ಸಾಲಾಗಿ ನಿಂತಿರುತ್ತಾರೆ. ಹೊಸ ಭಜನೆ ಮಂದಿರದ ಪೂಜೆಗೆ ಅಂತ ಆ ಊರಿನವರೇ ಕಚೇರಿ ಇಟ್ಟಿದ್ದರು, ಮಧ್ಯಾಹ್ನ ನಾಲ್ಕಕ್ಕೆ. ಈ ಸದ್ದಿನ ಊರಿನಲ್ಲಿ ನನಗೆ ಶುದ್ಧವಾದ ತನಿ ಸಿಕ್ಕಿದ ಹಾಗೇ ಅಂದುಕೊಂಡು ಹಲ್ಲು ಕಚ್ಚಿಕೊಂಡೇ ಹೋದೆ. ಅತ್ತಿಗೆಯೂ ಬಂದರು. ಎಷ್ಟೋ ವರ್ಷದ ಮೇಲೆ ಗಂಡನ ಕಚೇರಿಗೆ ಬಂದಿದ್ದರು, ಕೊನೆಯದು ಅಂತ.

ಹೋಗಿ ನೋಡಿದರೆ ಬೀದಿ ಸ್ತಬ್ಧ. ಕಚೇರಿ ಇದೆ ಅಂತ ಇಡೀ ಊರು ಉಳಿ ಕೆಳಗಿಟ್ಟಿತ್ತು. ಮಂದಿರದಲ್ಲಿ ಕುರ್ಚಿ ಇರಲಿಲ್ಲ, ಜಮಖಾನದ ಮೇಲೆ ಎಲ್ಲರೂ ಕೂತಿದ್ದರು, ಮೊಣಕೈ ತನಕ ಕಲ್ಲಿನ ಪುಡಿ ಇನ್ನೂ ಹಾಗೇ ಇತ್ತು. ಹಾಡು ಶುರುವಾಯಿತು. ಒಬ್ಬರೂ ಪಿಸುಗುಟ್ಟಲಿಲ್ಲ. ನೀವಾದರೆ ಸಂತೋಷಪಡುತ್ತಿದ್ದಿರಿ. ನನಗೆ ಗಾಬರಿಯಾಯಿತು. ಇಷ್ಟು ಹೊತ್ತು ಸುಮ್ಮನೆ ಕೂತವರು ತನಿ ಬಂದೊಡನೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಇದು ಅದರ ತಯಾರಿ ಅಂತ ನನ್ನ ಹತ್ತೊಂಬತ್ತು ಕಚೇರಿಯ ಅನುಭವ ಹೇಳಿತು. ದೊಡ್ಡ ಕೃತಿ ಅರ್ಧಕ್ಕೆ ಬಂದಾಗ ರೆಕಾರ್ಡರನ್ನು ಅತ್ತಿಗೆಯ ಕೈಗೆ ಕೊಟ್ಟೆ. ಕೆಂಪು ದೀಪ ನಿಂತೇ ಇರಬೇಕು, ಮಿನುಗಬಾರದು, ಪಕ್ಕದ ಈ ಗುಂಡಿ ಒತ್ತಿದರೆ ನಿಂತುಹೋಗುತ್ತದೆ, ಅದರ ಮೇಲೆ ಬೆರಳು ಹೋಗಕೂಡದು ಅಂತ ಹೇಳಿ, ನಾನು ಬಾಗಿಲಿಗೆ ಹೋಗಿ ಅಡ್ಡಲಾಗಿ ನಿಂತೆ. ಯಾರು ಏಳುತ್ತಾರೋ ನೋಡಿಯೇ ಬಿಡುತ್ತೇನೆ ಅಂತ ಸೊಂಟಕ್ಕೆ ಸೆರಗು ಕಟ್ಟಿಕೊಂಡೆ.

ಹಾಡುವವರು ಕೈ ಮುಂದೆ ಮಾಡಿದರು. ಹಾಡು ನಿಂತಿತು, ಪಿಟೀಲು ನಿಂತಿತು. ಎಲ್ಲ ಕಡೆ ಮೃದಂಗವೇ ಮೊದಲು, ಆದರೆ ಮೃದಂಗದವರು ಅಂದು ಎರಡೂ ಕೈ ಮುಗಿದು ಅಣ್ಣನ ಕಡೆ ತಿರುಗಿ "ನೀವು ಮೊದಲು" ಅನ್ನುವ ಹಾಗೆ ತಲೆಬಾಗಿಸಿದರು. ಇದು ಅಣ್ಣನ ಕೊನೆಯ ಕಚೇರಿ ಅಂತ ಅವರಿಗೆ ಗೊತ್ತಿತ್ತು. ಅಣ್ಣ ಘಟದ ಬಾಯನ್ನು ಹೊಟ್ಟೆಗೆ ಒತ್ತಿಕೊಂಡ. ನಾನು ಜನರನ್ನು ನೋಡಿದೆ. ಒಬ್ಬರೂ ಏಳಲಿಲ್ಲ. ಏಳುವುದು ಹಾಗಿರಲಿ, ಹಿಂದೆ ಗೋಡೆಗೆ ಒರಗಿ ಕೂತವರು ಬೆನ್ನು ನೆಟ್ಟಗೆ ಮಾಡಿ ಮುಂದಕ್ಕೆ ಬಾಗಿದರು. ಜೀವಮಾನವೆಲ್ಲ ಕಲ್ಲಿನ ಮೇಲೆ ಏಟು ಹಾಕಿದವರಿಗೆ ಕೇಳಬೇಕಾದದ್ದು ಈಗ ಬಂದಿತ್ತು.

ಆ ಹೊತ್ತಿಗೆ ಸರಿಯಾಗಿ ಅತ್ತಿಗೆ ಮೊದಲ ಸಾಲಿನಿಂದ ನನ್ನ ಕಡೆ ತಿರುಗಿದರು. ಹಾಡು ನಿಂತಿತಲ್ಲ, ಅವರಿಗೆ ದಿಗಿಲು. ರೆಕಾರ್ಡರನ್ನು ಎತ್ತಿ ತೋರಿಸಿ, ಕಣ್ಣಲ್ಲೇ "ಇನ್ನೂ ಇರಲೋ, ಸಾಕೋ?" ಅಂದರು. ಅಣ್ಣನ ಮೊದಲ ಏಟು ಬಿತ್ತು. ನಾನು ಬಾಗಿಲಿನಿಂದಲೇ, ಕೈ ಬೀಸಿ, ಅಷ್ಟು ದೂರಕ್ಕೆ ಕೇಳಿಸಲಿ ಅಂತ ಎಳೆದು ಕೂಗಿದೆ: "ಆಗಲೀ! ಆಗಲೀ!"

ಅತ್ತಿಗೆ ತಲೆಯಾಡಿಸಿದರು. ಆಮೇಲೆ ಹದಿನಾಲ್ಕು ನಿಮಿಷ ಅಣ್ಣ ನುಡಿಸಿದ. ಹೇಗೆ ನುಡಿಸಿದ ಅಂತ ನಾನು ಬರೆಯಲಾರೆ. ಮುಗಿದಾಗ ಹಿರಿಯ ಶಿಲ್ಪಿಯೊಬ್ಬರು ವೇದಿಕೆಗೆ ಬಂದು ಅಣ್ಣನ ಬಲಗೈ ಹಿಡಿದು, "ನಾವು ಕಲ್ಲು ಆರಿಸ್ಬೇಕಾದ್ರೂ ಹಿಂಗೇ ತಟ್ಟಿ ನೋಡ್ತೀವಿ ಸ್ವಾಮಿ, ಒಳಗೆ ಬಿರುಕಿದ್ರೆ ಸದ್ದಲ್ಲೇ ಗೊತ್ತಾಗ್ತದೆ" ಅಂದರು. ನಾನು ಬಾಗಿಲ ಹತ್ತಿರ ಮೂಗು ಒರೆಸಿಕೊಳ್ಳುತ್ತ, ಕೊನೆಗೂ ಸಿಕ್ಕಿತು, ಸಿಕ್ಕೇಬಿಟ್ಟಿತು ಅಂದುಕೊಂಡೆ.

ಮಾಲೂರಿಗೆ ಬಂದು, ಅಣ್ಣನ ಮನೆಯಲ್ಲಿ ಕೂತು ಫೈಲು ತೆರೆದೆ. ಹಾಡು ಇದೆ. ಹಾಡು ನಿಂತದ್ದಿದೆ. ಅಲ್ಲಿಂದ ಮುಂದೆ ಒಂಬತ್ತು ಸೆಕೆಂಡು. ಅಷ್ಟೇ.

"ಅತ್ತಿಗೇ! ಇದನ್ನ ಯಾಕೆ ನಿಲ್ಲಿಸಿದ್ರಿ?"

"ನೀನೇ ಕದಾ ಹೇಳಿದ್ದು!" ಅಂದರು ಅತ್ತಿಗೆ, ಅವರ ಮುಖ ಬಿಳಿಚಿಕೊಂಡಿತು. "ಅಷ್ಟು ಜೋರಾಗಿ ಆಗಾಲಿ, ಆಗಾಲಿ ಅಂತ ಬಾಗಿಲಿಂದ ಕೂಗ್ದೆ. ಏನೋ ಅವಸರ ಅಂತ ಆಪೇಸಿನಾನು, ನಿಲ್ಲಿಸ್ಬಿಟ್ಟೆ!"

"ನಾನು ಹೇಳಿದ್ದು ಆಗ್ಲಿ ಅಂತ! ರೆಕಾರ್ಡ್ ಆಗ್ಲಿ ಅಂತ!"

"ಹಂಗಾದ್ರೆ ಓಡ್ಲಿ ಅನ್ನಕ್ಕಾಗ್ತಿರ್ಲಿಲ್ವಾ ಪದ್ಮಾ? ಇರ್ಲಿ ಅನ್ನಕ್ಕಾಗ್ತಿರ್ಲಿಲ್ವಾ?" ಅಂದವರೇ ಅತ್ತಿಗೆ ಅಳತೊಡಗಿದರು. ನನಗೆ ಬೈಯಬೇಕು ಅನ್ನಿಸಿತು. ಯಾರನ್ನು ಬೈಯಲಿ? ಇವರನ್ನು ಬೈಯಲೋ, ಒಂದು ಮಾತಿಗೆ ಎರಡು ಅರ್ಥ ಇಟ್ಟ ನಮ್ಮ ಸೀಮೆಯನ್ನು ಬೈಯಲೋ? ಯಾರೂ ಏಳದ ಊರಿನಲ್ಲಿ ಬಾಗಿಲು ಕಾಯಲು ಹೋದವಳು ಯಾರು ಅಂತ ಮನಸ್ಸು ಕೇಳಿತು. ಮನಸ್ಸನ್ನೂ ಬೈದೆ.

ಅಣ್ಣ ಕೈ ಚಾಚಿ "ಇರೋದನ್ನ ಕೊಡು ಇಲ್ಲಿ" ಅಂದ. ಕಿವಿಗೆ ಹೆಡ್‌ಫೋನು ಹಾಕಿದೆ. ಒಂಬತ್ತು ಸೆಕೆಂಡು ಕೇಳಿದ. ಬೆರಳು ಸುತ್ತಿಸಿ ಇನ್ನೊಂದು ಸಲ ಅಂದ. ಮತ್ತೆ ಕೇಳಿದ. ಮೂರನೆಯ ಸಲ ಮುಗಿದಾಗ ಹೆಡ್‌ಫೋನು ತೆಗೆದು ನನ್ನನ್ನು ನೋಡಿದ.

"ಒಬ್ರೂ ಎದ್ದಿಲ್ಲ ಕಣೇ. ಉಸಿರಾಡೋದೂ ಕೇಳ್ಸಲ್ಲ."

"ಹೂಂ."

"ಯಾರೋ ಒಬ್ಳು ಹೆಂಗಸು ಮಾತ್ರ ಕಿರುಚ್ತಾಳೆ. ತನಿ ಹೊತ್ತಲ್ಲಿ ಬಾಯಿ ಮುಚ್ಕೊಂಡಿರಕ್ಕಾಗಲ್ವಾ ಅವಳಿಗೆ? ಯಾವೂರೋಳೇ ಅವಳು?"

ಅಳುತ್ತಿದ್ದ ಅತ್ತಿಗೆ ಅಳುತ್ತಲೇ ನಕ್ಕುಬಿಟ್ಟರು. ನನ್ನ ಕಿವಿ ಬಿಸಿಯಾಯಿತು. "ತಮಾಷೆ ಮಾಡ್ಬೇಡ ಅಣ್ಣ. ಎರಡು ವರ್ಷ ಅಲೆದು ನಿನಗೆ ಒಂದು ತನಿ ಕೇಳ್ಸಕ್ಕಾಗ್ಲಿಲ್ಲ. ಸಿಕ್ಕಿದ್ದು ಒಂದೇ ಒಂದು ಏಟು."

ಅಣ್ಣ ಜೋಮು ಹಿಡಿದ ಬೆರಳನ್ನು ಮಡಚಿ, ಗೆಣ್ಣಿನಿಂದ ಮೇಜನ್ನು ಮೆಲ್ಲಗೆ ತಟ್ಟಿದ. "ಅಪ್ಪ ಎಷ್ಟ್ ಏಟು ಹಾಕ್ತಿದ್ರೇ?" ಅಂದ.

ನಾನು ಒಂದು ಬೆರಳು ತೋರಿಸಿದೆ.

"ಬೆಂದಿದೆ ಪದ್ಮಾ," ಅಂದ ಅಣ್ಣ. "ಬೆಂದಿದೆ ಕಣೇ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆ ಓಡಿದರು, ಒಲೆಯ ಮೇಲೆ ಏನಿಟ್ಟಿದ್ದೆ ಅಂತ. ಏನೂ ಇಟ್ಟಿರಲಿಲ್ಲ.

ಆಪರೇಷನ್ ಆಯಿತು. ಅಣ್ಣ ಈಗ ಲೋಟ ಜಾರಿಸುವುದಿಲ್ಲ, ಘಟವನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಾನೆ. ಆ ಒಂಬತ್ತು ಸೆಕೆಂಡನ್ನು ನಾನು ಕಂಪ್ಯೂಟರಿಗೆ ಹಾಕಿ, ನನ್ನ ಕೂಗನ್ನು ಕತ್ತರಿಸಿ ತೆಗೆಯಲು ನೋಡಿದೆ. ಆಗುವುದಿಲ್ಲ. ಏಟಿನ ನಾದ ಇನ್ನೂ ಇಳಿಯುತ್ತಿರುವಾಗಲೇ ಅದರ ಮೇಲೆ ನನ್ನ "ಆಗಲೀ" ಬಿದ್ದಿದೆ. ನನ್ನನ್ನು ತೆಗೆದರೆ ಅಣ್ಣನೂ ಅರ್ಧ ಹೋಗುತ್ತಾನೆ. ಅದಕ್ಕೇ ಹಾಗೇ ಇಟ್ಟಿದ್ದೇನೆ, ನಿಮ್ಮೆಲ್ಲರ ಕುರ್ಚಿಗಳ ಪಕ್ಕದಲ್ಲಿ, ಇಪ್ಪತ್ತನೆಯ ಕಚೇರಿ ಅಂತ ಬರೆದು. ಕಾಫಿಗೆ ಬಂದಾಗ ಅದನ್ನೂ ಕೇಳಿಸುತ್ತೇನೆ, ಬೈಯುವುದಿದ್ದರೆ ಬೈದು ಹೋಗಿ.